ಕೃಷ್ಣೆಯಿಂದ ಕಳಿಂಗದ ಅಂಚಿಗೆ

ಐಹೊಳೆಯ ಮೇಗುತಿ ಬಸದಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿ ರಚಿಸಿದ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಸಂಗತಿಗಾಗಿ ನಾವೆಲ್ಲ ಶಾಲೆಯಲ್ಲೇ ಅದರ ಹೆಸರು ಕೇಳಿದ್ದೇವೆ. ಕ್ರಿ.ಶ. 634ರ ಆ ಶಾಸನ ಇನ್ನೊಂದು ದಿಕ್ಕಿನ ಕಥೆಯನ್ನೂ ಹೇಳುತ್ತದೆ. ಪುಲಕೇಶಿಯ ಸೈನ್ಯ ಪೂರ್ವ ಕರಾವಳಿಗೆ ಇಳಿಯಿತು, ಪಿಷ್ಟಪುರದ ಕೋಟೆಯನ್ನು ಪುಡಿಗಟ್ಟಿತು, ಕುನಾಲ ಎಂಬ ಸರೋವರದ ನೀರು ಮಡಿದವರ ನೆತ್ತರಿನಿಂದ ಕೆಂಪಾಯಿತು. ಪಿಷ್ಟಪುರವೆಂದರೆ ಈಗಿನ ಪಿಠಾಪುರಂ. ಕುನಾಲವನ್ನು ವಿದ್ವಾಂಸರು ವಿಜಯವಾಡದ ಪೂರ್ವಕ್ಕಿರುವ ಕೊಲ್ಲೇರು ಸರೋವರವೆಂದು ಗುರುತಿಸಿದ್ದಾರೆ.

ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ಸುಮಾರು 350 ಕಿಲೋಮೀಟರ್. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪೂರ್ವಘಟ್ಟ, ನಡುವೆ ಕೃಷ್ಣಾ ಗೋದಾವರಿಗಳ ಮೆಕ್ಕಲು ಬಯಲು. ದಕ್ಷಿಣದಿಂದ ಕಳಿಂಗಕ್ಕೆ, ಕಳಿಂಗದಿಂದ ದಕ್ಷಿಣಕ್ಕೆ ಹೋಗುವ ಯಾರಿಗೂ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಹಾಗಾಗಿ ಇದು ಎಲ್ಲ ಕಾಲಕ್ಕೂ ಗಡಿನಾಡೇ ಆಗಿತ್ತು. ವೆಂಗಿ ಮತ್ತು ಕಳಿಂಗ, ಚಾಲುಕ್ಯ ಮತ್ತು ಚೋಳ, ವಿಜಯನಗರ ಮತ್ತು ಗಜಪತಿ, ಈಗ ಆಂಧ್ರ ಮತ್ತು ಒಡಿಶಾ. ನಮ್ಮ ಕಡೆಯಿಂದ ಹೋಗುವವರು ಕನಕದುರ್ಗೆಯ ದರ್ಶನ, ಆರ್.ಕೆ. ಬೀಚಿನಲ್ಲಿ ಒಂದು ಸಂಜೆ, ಅರಕು ರೈಲಿನಲ್ಲಿ ಒಂದು ಹಗಲು ಎಂದು ಪ್ರವಾಸ ಮುಗಿಸುತ್ತಾರೆ. ಮೂರೂ ಚೆನ್ನಾಗಿಯೇ ಇವೆ. ಆದರೆ ಇದನ್ನು ಗಡಿನಾಡೆಂದು ತಿಳಿದು ನೋಡಿದರೆ ಕನ್ನಡಿಗರಿಗೆ ಇಲ್ಲಿ ಸಿಗುವುದು ಬಹಳ ಹೆಚ್ಚು. ನಮ್ಮ ಚರಿತ್ರೆಯ ಅರ್ಧ ಭಾಗ ಇಲ್ಲಿನ ಕಲ್ಲುಗಳ ಮೇಲಿದೆ ಎಂದರೂ ನಡೆದೀತು.

ದಾರಿಯೂ ಅದಕ್ಕೆ ಒದಗಿಬಂದಿದೆ. ಗೋವಾದಿಂದ ಹೌರಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಹಾದು ವಿಜಯವಾಡ, ವಿಶಾಖಪಟ್ಟಣಗಳನ್ನು ಮುಟ್ಟುತ್ತದೆ. ಬೆಂಗಳೂರಿನವರಿಗೆ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಇದೆ. ಹೊಸಪೇಟೆಯಲ್ಲಿ ಹತ್ತಿ ವಿಶಾಖಪಟ್ಟಣದಲ್ಲಿ ಇಳಿಯುವವರು, 16ನೇ ಶತಮಾನದಲ್ಲಿ ಕೃಷ್ಣದೇವರಾಯನ ದಂಡು ವರ್ಷಗಟ್ಟಲೆ ನಡೆದು ತಲುಪಿದ ದೂರವನ್ನು ಒಂದೇ ಟಿಕೆಟಿನಲ್ಲಿ ದಾಟುತ್ತಾರೆ. ಮೊದಲು ವಿಜಯವಾಡದಲ್ಲಿ ಇಳಿಯಬೇಕೆಂಬುದು ನನ್ನ ಸಲಹೆ. ಈ ಸೀಮೆಯನ್ನು ಕೃಷ್ಣೆಯಿಂದಲೇ ಆರಂಭಿಸಬೇಕು.

ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ಮುಂದೆ ತುಂಗಭದ್ರೆಯನ್ನೂ ಕೂಡಿಕೊಂಡು ಬಂದ ಕೃಷ್ಣೆ ಇಲ್ಲಿ ಕನಕದುರ್ಗೆಯ ಇಂದ್ರಕೀಲಾದ್ರಿ ಮತ್ತು ಎದುರು ದಡದ ಗುಡ್ಡಗಳ ನಡುವಿನ ಕಂಡಿಯಲ್ಲಿ ಹಾದು ಬಯಲಿಗೆ ಬೀಳುತ್ತಾಳೆ. ನೀರು ತಡೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಬ್ರಿಟಿಷ್ ಎಂಜಿನಿಯರುಗಳು 1852ರಿಂದ 1855ರವರೆಗೆ ಒಂದು ಅಣೆಕಟ್ಟೆ ಕಟ್ಟಿದರು. ಅದು ಹಳತಾದ ಮೇಲೆ 1957ರಲ್ಲಿ ಸುಮಾರು 1,220 ಮೀಟರ್ ಉದ್ದದ ಪ್ರಕಾಶಂ ಬ್ಯಾರೇಜ್ ಸಿದ್ಧವಾಯಿತು. ಡೆಲ್ಟಾದ ಭತ್ತದ ಗದ್ದೆಗಳಿಗೆಲ್ಲ ಇಲ್ಲಿಂದಲೇ ಕಾಲುವೆ. ವಿಜಯಪುರ, ಬಾಗಲಕೋಟೆಗಳ ಮಳೆಗಾಲ ಕಡೆಗೆ ಎಲ್ಲಿ ಅನ್ನವಾಗುತ್ತದೆ ಎಂದು ನೋಡಬೇಕಾದರೆ ಈ ಬ್ಯಾರೇಜಿನ ಮೇಲೆ ಒಮ್ಮೆ ನಡೆಯಬೇಕು.

ಎದುರು ದಡದಲ್ಲಿ, ಕೆಲವೇ ಕಿಲೋಮೀಟರ್ ದೂರದಲ್ಲಿ, ಉಂಡವಲ್ಲಿ ಗುಹೆಗಳು. ಮರಳುಗಲ್ಲಿನ ಗುಡ್ಡವನ್ನು ಕೊರೆದು ನಾಲ್ಕು ಅಂತಸ್ತು ಮಾಡಿದ್ದಾರೆ. ಒಳಗೆ ಒಂದೇ ಬಂಡೆಯಲ್ಲಿ ಬಿಡಿಸಿದ, ಐದು ಮೀಟರಿಗೂ ಉದ್ದದ ಅನಂತಶಯನ ಮೂರ್ತಿ. ಕಾಲದ ಬಗ್ಗೆ ಒಮ್ಮತವಿಲ್ಲ. ವಿಷ್ಣುಕುಂಡಿಗಳ ಕಾಲದ್ದೆಂಬ ಮಾತು ಹೆಚ್ಚು ರೂಢಿಯಲ್ಲಿದ್ದರೂ, ಇನ್ನಷ್ಟು ಈಚಿನದು, ಪೂರ್ವ ಚಾಲುಕ್ಯರದು ಎನ್ನುವವರೂ ಇದ್ದಾರೆ. ಬಾದಾಮಿಯ ಮೂರನೆಯ ಗುಹೆಯನ್ನು ನೋಡಿದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 578ರಲ್ಲಿ ಮುಗಿದ ಬಾದಾಮಿಯ ಗುಹೆಯಲ್ಲಿ ವಿಷ್ಣು ಅನಂತನ ಸುರುಳಿಯ ಮೇಲೆ ಕುಳಿತಿದ್ದಾನೆ, ಕಂಬಗಳ ಚಾಚುಪೀಠಗಳೂ ಒಡೆಯದೆ ಉಳಿದಿವೆ. ಉಂಡವಲ್ಲಿಯಲ್ಲಿ ಅವನು ಮಲಗಿದ್ದಾನೆ, ಕೆತ್ತನೆ ಒರಟು, ಆದರೆ ಗುಡ್ಡದ ಮುಖವನ್ನು ಮಹಡಿ ಮಹಡಿಯಾಗಿ ತೆರೆದ ಧೈರ್ಯ ಬಾದಾಮಿಯಲ್ಲೂ ಇಲ್ಲ. ದುರ್ಗೆಯ ಸನ್ನಿಧಿಗೆ ಬರುವ ಲಕ್ಷಾಂತರ ಜನರಲ್ಲಿ ಇತ್ತ ತಿರುಗುವವರು ಕಡಿಮೆ ಎಂಬುದು ನೋವಿನ ಸಂಗತಿ.

ವಿಜಯವಾಡದ ವಾಯವ್ಯಕ್ಕೆ ಕೊಂಡಪಲ್ಲಿ. ಬೆಟ್ಟದ ಮೇಲೆ ರೆಡ್ಡಿ ದೊರೆಗಳ ಕಾಲದ ಕೋಟೆ, ಕೆಳಗೆ ಬೊಂಬೆ ಮಾಡುವವರ ಕೇರಿ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುತ್ತಾರೆ, ಆದ್ದರಿಂದ ಅಲ್ಲಿನದೆಲ್ಲ ದುಂಡು, ನುಣುಪು. ಕೊಂಡಪಲ್ಲಿಯವರು ಪೊಣಿಕಿ ಎಂಬ ಹಗುರ ಮರದಲ್ಲಿ ಕೈಕಾಲು ಮುಂಡಗಳನ್ನು ಬೇರೆ ಬೇರೆಯಾಗಿ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿಗೆ ಮರದ ಹುಡಿ ಕಲಸಿ ಅವನ್ನು ಜೋಡಿಸಿ ಮೇಲೆ ಬಣ್ಣ ಬರೆಯುತ್ತಾರೆ. ಹೀಗಾಗಿ ಇಲ್ಲಿನ ಬೊಂಬೆಗೆ ನೊಗ ಹೊತ್ತ ಎತ್ತು, ಕಳ್ಳು ಇಳಿಸುವವನು, ಅಂಬಾರಿಯ ಆನೆ, ದಶಾವತಾರ ಎಲ್ಲ ಸಾಧ್ಯ. ದಸರಾ ಬೊಂಬೆ ಕೂರಿಸುವ ಮನೆಯವರು ಅಂಗಡಿ ಸಾಲಿನಲ್ಲಿ ಕೊಳ್ಳುವ ಬದಲು ಮಾಡುವವರ ಮನೆಗೇ ಹೋಗಿ ಕೊಂಡರೆ ದುಡ್ಡು ಸರಿಯಾದ ಕೈ ಸೇರುತ್ತದೆ.

ಇನ್ನು ಕೊಲ್ಲೇರು. ಕೃಷ್ಣಾ ಮತ್ತು ಗೋದಾವರಿ ಡೆಲ್ಟಾಗಳ ನಡುವಿನ ತಗ್ಗಿನಲ್ಲಿ ನಿಂತ ಈ ಸಿಹಿನೀರಿನ ಹರವಿಗೆ ಬುಡಮೇರು, ತಮ್ಮಿಲೇರು ಮೊದಲಾದ ಹಳ್ಳಗಳು ನೀರು ತರುತ್ತವೆ, ಉಪ್ಪುಟೇರು ಅದನ್ನು ಸಮುದ್ರಕ್ಕೆ ಒಯ್ಯುತ್ತದೆ. 1999ರಲ್ಲಿ ವನ್ಯಧಾಮ, 2002ರಲ್ಲಿ ರಾಮ್ಸರ್ ಪಟ್ಟಿಯ ಜೌಗುಪ್ರದೇಶ. ಅಟಪಾಕದಲ್ಲಿ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಗುಂಪುಗೂಡಿ ಮರಿ ಮಾಡುತ್ತವೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ಬಲ್ಲವರಿಗೆ ಈ ನೋಟ ಕೂಡಲೇ ಆಪ್ತವಾಗುತ್ತದೆ. ಆದರೆ ಸರೋವರದ ಬಹುಪಾಲು ದಶಕಗಳ ಕಾಲ ಮೀನು ಸಾಕುವ ಹೊಂಡಗಳಾಗಿ ಹರಿದು ಹಂಚಿಹೋಗಿತ್ತು. 2006ರ ಸುಮಾರಿಗೆ ಸರ್ಕಾರ ಹೊಂಡಗಳ ಏರಿಗಳನ್ನು ಒಡೆಸಿತು, ಒತ್ತುವರಿ ಮಾತ್ರ ಮತ್ತೆ ಮತ್ತೆ ತಲೆ ಎತ್ತಿತು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದಾಗ, ಹಳ್ಳದ ಪಾತ್ರವನ್ನೂ ಅದು ಸೇರುವ ಸರೋವರವನ್ನೂ ಕಿರಿದು ಮಾಡಿದ್ದರ ಫಲವನ್ನು ನಗರ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಕಂಡಿತು. ಬೆಂಗಳೂರಿನ ಕೆರೆಗಳ ಕಥೆ ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸರೋವರದ ಉತ್ತರಕ್ಕೆ ಏಲೂರು. ಅದರ ಪಕ್ಕದ ಪೆದವೇಗಿ ಎಂಬ ಊರೇ ಹಿಂದಿನ ವೆಂಗಿ. ಪುಲಕೇಶಿ ಗೆದ್ದ ನೆಲವನ್ನು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದ, ಅವನ ಸಂತತಿಯವರು ಪೂರ್ವ ಚಾಲುಕ್ಯರಾಗಿ 11ನೇ ಶತಮಾನದವರೆಗೂ ಆಳಿದರು. ಬಾದಾಮಿಯಿಂದ ಬಂದ ಮನೆತನ ಕಾಲಕ್ರಮದಲ್ಲಿ ತೆಲುಗಿನದಾಯಿತು, ತೆಲುಗನ್ನು ಬೆಳೆಸಿತು. ಅತ್ತ ಇದೇ ವೆಂಗಿ ಮಂಡಲದಿಂದ ಹೊರಟವರು ಕನ್ನಡವನ್ನು ಕಟ್ಟಿದರು. ಪಂಪನ ಪೂರ್ವಿಕರು ವೆಂಗಿಪಳು ಎಂಬ ಅಗ್ರಹಾರದವರು. 'ಛಂದೋಂಬುಧಿ' ಬರೆದ ನಾಗವರ್ಮನ ಮೂಲವೂ ವೆಂಗಿಯೇ. ಪಂಪ 941ರಲ್ಲಿ ಭಾರತವನ್ನು ಕನ್ನಡಕ್ಕೆ ತಂದ ನೂರು ವರ್ಷಗಳ ಬಳಿಕ, ರಾಜಮಹೇಂದ್ರಿಯಲ್ಲಿ ಪೂರ್ವ ಚಾಲುಕ್ಯ ದೊರೆ ರಾಜರಾಜ ನರೇಂದ್ರನ ಆಶ್ರಯದಲ್ಲಿ ನನ್ನಯ ಅದನ್ನು ತೆಲುಗಿಗೆ ತರಲು ಕುಳಿತ. ಅವನಿಗೆ ಜೊತೆಯಾಗಿ ನಿಂತವನು ನಾರಾಯಣಭಟ್ಟ. ರಾಜನು ಈ ನಾರಾಯಣಭಟ್ಟನಿಗೆ ಕೊಟ್ಟ ನಂದಂಪೂಡಿ ಶಾಸನ ಅವನು ಬಲ್ಲ ಭಾಷೆಗಳನ್ನು ಹೆಸರಿಸುತ್ತದೆ, ಅದರಲ್ಲಿ ಸಂಸ್ಕೃತದ ಬೆನ್ನಲ್ಲೇ ಬರುವುದು ಕರ್ಣಾಟ. ತೆಲುಗಿನ ಆದಿಕಾವ್ಯ ಹುಟ್ಟುವಾಗ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ವಿದ್ವಾಂಸ ಇದ್ದ ಎಂಬುದು ನನಗೆ ಯಾವ ಯುದ್ಧದ ಗೆಲುವಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಪೆದವೇಗಿಯಲ್ಲಿ ಇಂದು ಕಣ್ಣಿಗೆ ಕಾಣುವುದು ಅಷ್ಟೇನೂ ಇಲ್ಲ, ದಿಬ್ಬಗಳು ಮತ್ತು ಅಗೆದಾಗ ಸಿಕ್ಕ ಅವಶೇಷಗಳು. ಆದರೂ ಕನ್ನಡ ಓದಿದವರು ಆ ಊರಿನ ನೆಲ ತುಳಿದು ಬರಬೇಕು.

ಕೃಷ್ಣದೇವರಾಯನ ಹೆಜ್ಜೆ ಹಿಡಿಯುವವರಿಗೆ ಇನ್ನೊಂದು ಅಡ್ಡದಾರಿ ಇದೆ. ವಿಜಯವಾಡದಿಂದ ಕೃಷ್ಣೆಯ ಜೊತೆಯಲ್ಲೇ ಸಮುದ್ರದ ಕಡೆಗೆ ಹೋದರೆ ನೃತ್ಯಕ್ಕೆ ಹೆಸರಾದ ಕೂಚಿಪೂಡಿ, ಅದರಾಚೆ ನದಿಯ ದಡದಲ್ಲಿ ಶ್ರೀಕಾಕುಳಂ ಎಂಬ ಹಳ್ಳಿ. (ಉತ್ತರದ ಜಿಲ್ಲಾಕೇಂದ್ರ ಶ್ರೀಕಾಕುಳಂ ಬೇರೆ.) ಇಲ್ಲಿನ ಆಂಧ್ರಮಹಾವಿಷ್ಣುವಿನ ಗುಡಿಯಲ್ಲಿ, ಕಳಿಂಗದ ದಂಡಯಾತ್ರೆಯ ನಡುವೆ ತಂಗಿದ್ದಾಗ, ದೇವರು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯೆಂದು ಹೇಳಿದನೆಂದು ರಾಯನೇ 'ಆಮುಕ್ತಮಾಲ್ಯದ'ದ ಆರಂಭದಲ್ಲಿ ತಿಳಿಸುತ್ತಾನೆ. ಆ ಕನಸಿನಲ್ಲಿ ತೆಲುಗರ ದೇವರು ಹಂಪಿಯ ದೊರೆಯನ್ನು ಕರೆಯುವುದು ಕನ್ನಡರಾಯ ಎಂದೇ.

ಆ ದಂಡಯಾತ್ರೆಯ ಕೊನೆಯ ಗುರುತು ವಿಶಾಖಪಟ್ಟಣದ ಬದಿಯಲ್ಲಿದೆ. ಉದಯಗಿರಿ 1514ರಲ್ಲಿ ಬಿತ್ತು, ಕೊಂಡವೀಡು 1515ರಲ್ಲಿ, ಆಮೇಲೆ ಕೊಂಡಪಲ್ಲಿ. ರಾಯನ ಸೈನ್ಯ ಗಜಪತಿ ಪ್ರತಾಪರುದ್ರನ ನಾಡನ್ನು ಸೀಳಿಕೊಂಡು ಸಿಂಹಾಚಲದವರೆಗೂ ಬಂತು, ಹತ್ತಿರದ ಪೊಟ್ನೂರಿನಲ್ಲಿ ಜಯಸ್ತಂಭ ನೆಟ್ಟಿತು. ನಂತರ ನಡೆದದ್ದು ನಮ್ಮ ಪಠ್ಯಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ, ನನ್ನ ಮಟ್ಟಿಗೆ ಮುಖ್ಯ ಅದೇ. ಸಂಧಿಯಾಯಿತು. ಗಜಪತಿ ಮಗಳನ್ನು ಕೊಟ್ಟ, ರಾಯ ಕೃಷ್ಣೆಯ ಉತ್ತರಕ್ಕೆ ಗೆದ್ದದ್ದನ್ನೆಲ್ಲ ಹಿಂದಕ್ಕೆ ಕೊಟ್ಟ. ಗಡಿ ಮತ್ತೆ ನದಿಗೇ ಬಂದು ನಿಂತಿತು. ಕೊಂಡವೀಡಿನಲ್ಲಿ ಸೆರೆಸಿಕ್ಕ ಗಜಪತಿಯ ಮಗ ವೀರಭದ್ರ ಎಲ್ಲಿದ್ದ ಗೊತ್ತೆ? ದಾವಣಗೆರೆ ಸೀಮೆಯ 1516ರ ಶಾಸನದ ಪ್ರಕಾರ ಅವನು ಕೃಷ್ಣದೇವರಾಯನ ಅಧೀನದಲ್ಲಿ ಮಲೆಬೆನ್ನೂರು ಸೀಮೆಯನ್ನು ಆಳುತ್ತಿದ್ದ, ಅಲ್ಲಿನ ಜನರಿಗೆ ಮದುವೆಯ ತೆರಿಗೆಯನ್ನು ಬಿಟ್ಟುಕೊಟ್ಟಿದ್ದ. ಹರಿಹರದ ಹತ್ತಿರದ ಹಳ್ಳಿಗಳಲ್ಲಿ ಮದುವೆಯಾದವರು ಒಬ್ಬ ಒಡಿಯಾ ರಾಜಕುಮಾರನನ್ನು ಹರಸಿದ ಕಾಲವೊಂದಿತ್ತು.

ಸಿಂಹಾಚಲಕ್ಕೆ ಹೋಗುವವರು ಒಂದು ಪೂರ್ತಿ ಬೆಳಗನ್ನು ತೆಗೆದಿಡಬೇಕು. ವಿಶಾಖಪಟ್ಟಣದ ಹೊರವಲಯದ ಬೆಟ್ಟದ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿದ ವರಾಹ ಲಕ್ಷ್ಮೀನರಸಿಂಹನ ಗುಡಿ. ಈಗ ಕಾಣುವ ಕಟ್ಟಡದ ಮುಖ್ಯ ಭಾಗ 13ನೇ ಶತಮಾನದ್ದು, ಕೋಣಾರ್ಕವನ್ನು ಕಟ್ಟಿಸಿದ ಪೂರ್ವ ಗಂಗರ ಮನೆತನದ್ದೇ ಕೆಲಸ. ಒಡಿಶಾದ ಶೈಲಿ ಮತ್ತು ದಕ್ಷಿಣದ ಶೈಲಿ ಇಲ್ಲಿ ಒಂದೇ ಗೋಡೆಯಲ್ಲಿ ಬೆರೆತಿವೆ. ಮೂಲಮೂರ್ತಿ ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತದೆ, ನೋಡುವವರಿಗೆ ಲಿಂಗದಂತೆಯೇ ಕಾಣುತ್ತದೆ. ಅಕ್ಷಯ ತೃತೀಯೆಯ ದಿನ ಮಾತ್ರ ಗಂಧವನ್ನು ತೆಗೆದು ನಿಜರೂಪ ದರ್ಶನ ಕೊಡುತ್ತಾರೆ. ಚಂದನೋತ್ಸವದ ಆ ದಿನ ಕಾಲಿಡಲು ಜಾಗವಿರುವುದಿಲ್ಲ. ಭಕ್ತಿಗೆ ಆ ದಿನವೇ ಬೇಕು, ಆದರೆ ಗುಡಿಯನ್ನು ನೋಡಬೇಕೆನ್ನುವವರು ಸಾಮಾನ್ಯ ದಿನವನ್ನೇ ಆರಿಸಿಕೊಳ್ಳಿ. ಭಕ್ತರು ತಬ್ಬಿಕೊಂಡು ಹರಕೆ ಹೇಳುವ ಕಪ್ಪಸ್ತಂಭ, ಸಾಲು ಆನೆಗಳು, ಕಂಬ ಕಂಬದ ಮೇಲೂ ಅಕ್ಷರ. ಗುಡಿಯಲ್ಲಿರುವ 250ರಷ್ಟು ಶಾಸನಗಳಲ್ಲಿ ಹಳೆಯದು 11ನೇ ಶತಮಾನದ ಕೊನೆಯ, ಕುಲೋತ್ತುಂಗ ಚೋಳನ ಕಾಲದ್ದು. ಅವುಗಳ ನಡುವೆ 1516 ಮತ್ತು 1519ರ ಕೃಷ್ಣದೇವರಾಯನ ಶಾಸನಗಳಿವೆ. ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರ ಜೊತೆ ಬಂದು ರಾಯ ಒಪ್ಪಿಸಿದ ಆಭರಣಗಳಲ್ಲಿ 991 ಮುತ್ತುಗಳ ಹಾರವೂ ಸೇರಿದೆ. ಎದುರಾಳಿಯ ನಾಡಿನ ಗುಡಿಯಿದು, ಎದುರಾಳಿಯ ಮನೆದೇವರಿಗೆ ಸಮಾನನಾದ ದೇವರು. ಗೆದ್ದವನು ಅಲ್ಲಿಂದ ಏನನ್ನೂ ಒಯ್ಯದೆ ಮುತ್ತು ಕೊಟ್ಟು ಹೋದ. ಎರಡು ಮೂರೇ ವರ್ಷದಲ್ಲಿ ನೆಲವನ್ನೂ ಬಿಟ್ಟ. ಗುಡಿಯ ಗೋಡೆಯಲ್ಲಿ ಗಂಗರು, ಚೋಳರು, ರಾಯರು ಅಕ್ಕಪಕ್ಕದಲ್ಲಿದ್ದಾರೆ, ಯಾರೂ ಹಿಂದಿನವರ ಬರಹವನ್ನು ಒಡೆಸಲಿಲ್ಲ.

ಪೂರ್ವ ಗಂಗರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೋಲಾರದವರು ಇದನ್ನು ಕೇಳಿ ಸಂತೋಷಪಡಬಹುದು. ಅನಂತವರ್ಮ ಚೋಡಗಂಗನ 1118ರ ವಿಶಾಖಪಟ್ಟಣ ತಾಮ್ರಶಾಸನ ತಮ್ಮ ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಅಂದರೆ ಕೋಲಾರಕ್ಕೆ, ಒಯ್ಯುತ್ತದೆ. ಅಲ್ಲಿಂದ ಹೊರಟ ಕಾಮಾರ್ಣವ ಮಹೇಂದ್ರಗಿರಿಯಲ್ಲಿ ಗೋಕರ್ಣಸ್ವಾಮಿಯನ್ನು ಪೂಜಿಸಿ ಕಳಿಂಗವನ್ನು ಗೆದ್ದನಂತೆ. ಅವರ ಹಳೆಯ ರಾಜಧಾನಿ ವಂಶಧಾರಾ ದಡದ ಶ್ರೀಮುಖಲಿಂಗದಲ್ಲಿರುವ ಮುಖ್ಯ ದೇವರು ಮಧುಕೇಶ್ವರ, ಬನವಾಸಿಯ ದೇವರ ಹೆಸರೇ. ಹೆಸರುಗಳಿಂದ ವಂಶ ಸಾಬೀತಾಗುವುದಿಲ್ಲ, ಶಾಸನ ಹೇಳುವ ವಂಶಾವಳಿಯಲ್ಲಿ ಇತಿಹಾಸವೆಷ್ಟು ಪುರಾಣವೆಷ್ಟು ಎಂಬ ಚರ್ಚೆಯೂ ಮುಗಿದಿಲ್ಲ. ಆದರೆ 12ನೇ ಶತಮಾನದ ಕಳಿಂಗದ ಚಕ್ರವರ್ತಿಯೊಬ್ಬ ತನ್ನ ಬೇರು ನಮ್ಮ ನಾಡಿನಲ್ಲಿದೆ ಎಂದು ಹೇಳಿಕೊಳ್ಳಲು ಬಯಸಿದ ಎಂಬುದು ಮಾತ್ರ ತಾಮ್ರದ ಮೇಲೆ ನಿಶ್ಚಿತವಾಗಿದೆ.

ವಿಶಾಖಪಟ್ಟಣ ನಗರದಲ್ಲಿ ನೋಡುವುದು ಬೇಕಾದಷ್ಟಿದೆ. ಬೀಚಿನಲ್ಲೇ ನಿಲ್ಲಿಸಿರುವ ಐಎನ್‌ಎಸ್ ಕುರ್ಸುರ ಜಲಾಂತರ್ಗಾಮಿಯೊಳಗೆ ಮಕ್ಕಳನ್ನು ಕರೆದೊಯ್ಯಿರಿ. ಬಂದರಿನ ಪಕ್ಕದ ರಾಸ್ ಹಿಲ್‌ನಲ್ಲಿ ಮೂರು ದಿಬ್ಬಗಳ ಮೇಲೆ ಚರ್ಚ್, ದರ್ಗಾ, ವೆಂಕಟೇಶ್ವರ ಗುಡಿ ಒಟ್ಟಿಗಿವೆ. ಭೀಮುನಿಪಟ್ಟಣದ ಕಡೆಗೆ ಹೋಗುವ ಸಮುದ್ರದ ರಸ್ತೆ ಮಾತ್ರ ಆತುರದಲ್ಲಿ ಮುಗಿಸುವಂಥದ್ದಲ್ಲ. ತೊಟ್ಲಕೊಂಡ, ಬಾವಿಕೊಂಡ, ಪಾವುರಾಲಕೊಂಡ ಎಂಬ ಮೂರು ಗುಡ್ಡಗಳ ಮೇಲೆ ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ವಿಹಾರಗಳಿದ್ದವು. ತೊಟ್ಲಕೊಂಡದಲ್ಲಿ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು ಇಂದಿಗೂ ಇವೆ, ಅಗೆದಾಗ ರೋಮನ್ ನಾಣ್ಯಗಳು ಸಿಕ್ಕಿವೆ. ಹಡಗು ಬರುವ ದಾರಿಯನ್ನು ನೋಡುತ್ತಾ ಭಿಕ್ಷುಗಳು ಇಲ್ಲಿ ವರ್ಷಾವಾಸ ಕಳೆದರು.

ಅದೇ ರಸ್ತೆಯಲ್ಲಿ ಎರ್ರಮಟ್ಟಿ ದಿಬ್ಬಲು. ಸಮುದ್ರದ ಮಟ್ಟ ಏರಿಳಿದ ಸಾವಿರಾರು ವರ್ಷಗಳಲ್ಲಿ ಗಾಳಿ ತಂದು ಗುಡ್ಡೆ ಹಾಕಿದ ಮರಳು, ಕಬ್ಬಿಣದ ಆಕ್ಸೈಡಿನ ಲೇಪದಿಂದ ಕೆಂಪಾಗಿ ಗಟ್ಟಿಯಾಗಿದೆ, ಮಳೆ ಅದನ್ನು ಕೊರೆದು ಕಂದರಗಳನ್ನು ಮಾಡಿದೆ. ಇಂಥದ್ದು ದಕ್ಷಿಣ ಏಷ್ಯಾದಲ್ಲಿ ಇನ್ನು ಕಾಣುವುದು ತಮಿಳುನಾಡಿನ ತೇರಿ ಮರಳು ಮತ್ತು ಶ್ರೀಲಂಕಾದಲ್ಲಿ. ಭೂವೈಜ್ಞಾನಿಕ ಪರಂಪರೆಯ ತಾಣವೆಂಬ ಫಲಕವಿದೆ, ಸುತ್ತ ನಿವೇಶನಗಳೂ ಬೆಳೆಯುತ್ತಿವೆ. ದಿಬ್ಬದ ಅಂಚು ಹತ್ತಬೇಡಿ, ಕಾಲಿಟ್ಟಲ್ಲೆಲ್ಲ ಅದು ಕುಸಿಯುತ್ತದೆ, ಒಮ್ಮೆ ಕುಸಿದದ್ದು ನಮ್ಮ ಜೀವಮಾನದಲ್ಲಿ ಮತ್ತೆ ಕಟ್ಟಿಕೊಳ್ಳುವುದಿಲ್ಲ.

ಇಲ್ಲಿಂದ ಘಟ್ಟ. ವಿಶಾಖಪಟ್ಟಣದಿಂದ ಬೆಳಗ್ಗೆ ಹೊರಡುವ ಕಿರಂದುಲ್ ಪ್ಯಾಸೆಂಜರಿನ ಹಳಿಯನ್ನು ಹಾಕಿದ್ದು ಪ್ರವಾಸಿಗರಿಗಾಗಿ ಅಲ್ಲ. ಬಸ್ತರಿನ ಬೈಲಾಡಿಲಾ ಗಣಿಯ ಕಬ್ಬಿಣದ ಅದಿರನ್ನು ಬಂದರಿಗೆ ಇಳಿಸಿ ಜಪಾನಿಗೆ ಕಳುಹಿಸಲು, ಜಪಾನಿನ ನೆರವಿನಿಂದ 1960ರ ದಶಕದಲ್ಲಿ ಕಟ್ಟಿದ ಹಳಿ ಅದು. ಸುರಂಗದ ಮೇಲೆ ಸುರಂಗ ದಾಟಿ 996 ಮೀಟರ್ ಎತ್ತರದ ಶಿಮಿಳಿಗುಡ ನಿಲ್ದಾಣ ಮುಟ್ಟುತ್ತದೆ, ಅದು ಬಹಳ ಕಾಲ ದೇಶದ ಅತಿ ಎತ್ತರದ ಬ್ರಾಡ್‌ಗೇಜ್ ನಿಲ್ದಾಣವಾಗಿತ್ತು. ಸಕಲೇಶಪುರ-ಸುಬ್ರಹ್ಮಣ್ಯ ಹಳಿಯ ಮೇಲೆ ಹೋದವರಿಗೆ ಗುಣ ಗೊತ್ತಿರುತ್ತದೆ, ಆದರೆ ಅಲ್ಲಿನ ಒದ್ದೆ ಹಸಿರು ಇಲ್ಲಿಲ್ಲ. ಇಲ್ಲಿ ಬೆಟ್ಟಗಳು ಅಗಲ, ಕಣಿವೆಗಳು ತೆರೆದಿವೆ, ಚಳಿಗಾಲದ ಆರಂಭದಲ್ಲಿ ಇಳಿಜಾರೆಲ್ಲ ಹುಚ್ಚೆಳ್ಳಿನ ಹಳದಿ ಹೂವು.

ದಾರಿಯಲ್ಲಿ ಬೊರ್ರಾ ಗುಹೆಗಳು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ, ಸುಣ್ಣದಕಲ್ಲಿನ ಬಿರುಕಿನೊಳಗೆ ಇಳಿದು ಅದನ್ನು ಕರಗಿಸುತ್ತದೆ. ಛಾವಣಿಯಿಂದ ಹನಿಯುವಾಗ ಸುಣ್ಣವನ್ನು ಕೂದಲೆಳೆಯಷ್ಟು ಬಿಟ್ಟು ಹೋಗುತ್ತದೆ. ಮೇಲಿನಿಂದ ಇಳಿಯುವ ಕಂಬ, ಕೆಳಗಿನಿಂದ ಏಳುವ ಕಂಬ ಎರಡೂ ಹಾಗೆಯೇ ಬೆಳೆದವು. ಗೋಸ್ಥನಿ ನದಿ ಈ ಬೆಟ್ಟಗಳಿಂದ ಹೊರಟು ಭೀಮುನಿಪಟ್ಟಣದ ಹತ್ತಿರ ಸಮುದ್ರ ಸೇರುತ್ತದೆ. ಒಳಗಿನ ಬಣ್ಣದ ದೀಪಗಳನ್ನು ಯಾರಾದರೂ ಆರಿಸಿ ಬರಿಯ ಬೆಳಕು ಹಾಕಿದರೆ ಗುಹೆ ಇನ್ನೂ ಚೆನ್ನಾಗಿ ಕಂಡೀತು.

ಅರಕುವಿನಲ್ಲಿ ಕಾಫಿ ಕುಡಿಯುವಾಗ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾದ ಜೊತೆ, 2019ರಲ್ಲಿ ಇದಕ್ಕೂ ಭೌಗೋಳಿಕ ಗುರುತು ಸಿಕ್ಕಿತೆಂಬುದು ನೆನಪಿರಲಿ. ಆದರೆ ನಮ್ಮಲ್ಲಿ ತೋಟವೆಂದರೆ ಎಸ್ಟೇಟು, ಇಲ್ಲಿ ಗಿಡಗಳು ಬಗತ, ಕೊಂಧ, ವಾಲ್ಮೀಕಿ ಮೊದಲಾದ ಬುಡಕಟ್ಟು ಕುಟುಂಬಗಳ ಸಣ್ಣ ತುಂಡುಗಳಲ್ಲಿ, ಸಿಲ್ವರ್ ಓಕ್ ನೆರಳಿನಲ್ಲಿವೆ. ಹೋಟೆಲಿನವರು ಸಂಜೆ ಆಡಿಸುವ ಧಿಂಸಾ ಕುಣಿತಕ್ಕಿಂತ ವಾರದ ಸಂತೆಯಲ್ಲಿ ಒಂದು ಗಂಟೆ ಕಳೆಯುವುದು ಮೇಲು. ತೆಲುಗು, ಆದಿವಾಸಿ ಒಡಿಯಾ, ಕುವಿ ಮೂರೂ ಒಂದೇ ಬುಟ್ಟಿಯ ಚೌಕಾಸಿಯಲ್ಲಿ ಕೇಳಿಸುತ್ತವೆ.

ಇಲ್ಲಿ ಇಂದಿನ ಗಡಿ ಶುರುವಾಗುತ್ತದೆ. 1936ರ ಏಪ್ರಿಲ್ 1ರಂದು ಒಡಿಶಾ ಪ್ರಾಂತ್ಯ ರಚನೆಯಾದಾಗ ವಿಶಾಖಪಟ್ಟಣ ಜಿಲ್ಲೆಯ ಜೈಪುರ ಸೀಮೆ ಅದಕ್ಕೆ ಹೋಯಿತು. ಸಾಲೂರು ಮತ್ತು ಪೊಟ್ಟಂಗಿ ನಡುವಿನ ಕೋಟಿಯಾ ಹಳ್ಳಿಗಳು ಯಾರವು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ವ್ಯಾಜ್ಯ, 21 ಹಳ್ಳಿಗಳು, ಅನೇಕರ ಬಳಿ ಎರಡೂ ರಾಜ್ಯದ ರೇಷನ್ ಕಾರ್ಡು. 1953ರ ಅಕ್ಟೋಬರ್ 1ರಂದು ಬಳ್ಳಾರಿಯನ್ನು ಪಡೆದು ಆದೋನಿ, ಆಲೂರು, ರಾಯದುರ್ಗಗಳನ್ನು ಬಿಟ್ಟ, 1956ರಲ್ಲಿ ಕಾಸರಗೋಡನ್ನು ಬಿಟ್ಟ ನಮಗೆ ಕೋಟಿಯಾದ ಜನರ ಪಾಡು ಪರಕೀಯವಲ್ಲ. ಗೆರೆ ಎಳೆಯುವವರು ದೂರದಲ್ಲಿರುತ್ತಾರೆ, ಅದರ ಮೇಲೆ ಮನೆ ಇರುವವರು ಎರಡೂ ಕಚೇರಿಗೆ ಅಲೆಯುತ್ತಾರೆ.

ಎರಡು ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳೂ ತಮ್ಮ ತಮ್ಮ ನಕ್ಷೆಯನ್ನು ಗಡಿಗೆ ನಿಲ್ಲಿಸಿಬಿಡುತ್ತವೆ. ಹೀಗೇ ಇರಬೇಕೆಂದೇನಿಲ್ಲ. ಜರ್ಮನಿ ಮತ್ತು ಪೋಲೆಂಡಿನ ನಡುವೆ ನೈಸೆ ನದಿಯ ಎರಡೂ ದಡದಲ್ಲಿ ಮುಸ್ಕಾವು ಎಂಬ ಉದ್ಯಾನವಿದೆ. 19ನೇ ಶತಮಾನದಲ್ಲಿ ಪ್ಯುಕ್ಲರ್ ಎಂಬ ರಾಜಕುಮಾರ ಅದನ್ನು ಒಂದಾಗಿಯೇ ಬೆಳೆಸಿದ್ದ. 1945ರ ನಂತರ ನದಿಯೇ ಗಡಿಯಾಗಿ, ಹೆಚ್ಚಿನ ಭಾಗ ಪೋಲೆಂಡಿಗೆ ಹೋಯಿತು. ಯುದ್ಧದ ಗಾಯವಿದ್ದ ಆ ಎರಡು ದೇಶಗಳೇ ಒಟ್ಟಾಗಿ ಅರ್ಜಿ ಹಾಕಿ 2004ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದವು. ಈಗ ಸೇತುವೆ ದಾಟಿ ಎರಡೂ ಕಡೆ ಅಡ್ಡಾಡಬಹುದು. ಆಂಧ್ರ ಮತ್ತು ಒಡಿಶಾ ಮಾಚ್‌ಕುಂಡ್ ಜಲವಿದ್ಯುತ್ತನ್ನು 1955ರಿಂದ ಹಂಚಿಕೊಂಡೇ ಬಂದಿವೆ. ವಿದ್ಯುತ್ ಹಂಚಿಕೊಂಡವರಿಗೆ ಒಂದು ನಕ್ಷೆ, ಒಂದು ಬಸ್ಸು, ದುಡುಮಾ ಜಲಪಾತಕ್ಕೆ ಒಂದು ಒಳ್ಳೆಯ ದಾರಿ ಹಂಚಿಕೊಳ್ಳುವುದು ಕಷ್ಟವಾಗಬಾರದು.

ಅಲ್ಲಿಯವರೆಗೆ ನಾವೇ ದಾಟಬೇಕು. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹವೆ ಹಿತ. ಅಕ್ಟೋಬರ್ ಚಂಡಮಾರುತದ ತಿಂಗಳು, 2014ರ ಹುದ್‌ಹುದ್ ಅಪ್ಪಳಿಸಿದ್ದೂ ಆಗಲೇ. ಬೇರೆಯವರೆಲ್ಲ ಅರಕುವಿನಲ್ಲಿ ಇಳಿದಾಗ ನೀವು ರೈಲಿನಲ್ಲೇ ಕುಳಿತಿರಿ, ಟಿಕೆಟನ್ನು ಮೊದಲೇ ಒಡಿಶಾದ ಕೋರಾಪುಟ್‌ವರೆಗೆ ತೆಗೆದಿರಿ. ಅಲ್ಲಿ ಶಬರ ಶ್ರೀಕ್ಷೇತ್ರವೆಂಬ ಜಗನ್ನಾಥನ ಗುಡಿ, ಅದರ ಮಗ್ಗುಲಲ್ಲೇ ಬುಡಕಟ್ಟು ವಸ್ತುಸಂಗ್ರಹಾಲಯ, ಊರಾಚೆ 1,672 ಮೀಟರಿನ ದೇವಮಾಲಿ ಶಿಖರ ಇವೆ. ಮರುದಿನ ಅದೇ ಹಳಿಯಲ್ಲಿ ಇಳಿದು ಬರುವಾಗ ಅರಕುವಿನಲ್ಲಿ ನಿಲ್ಲಬಹುದು, ಆಗ ಅಲ್ಲಿ ಗದ್ದಲವೂ ಕಡಿಮೆ.